ಕಗ್ಗದ ಅನ್ನ

2024ರಲ್ಲಿ ಅಘನಾಶಿನಿಯ ಅಳಿವೆಯು ತೇವಭೂಮಿಗಳ ರಾಮ್‌ಸಾರ್ ಪಟ್ಟಿಗೆ ಸೇರಿತೆಂದು ನಾಡವರು ಹಿಗ್ಗಿದರು, ಹಿಗ್ಗತಕ್ಕುದೇ. ಆದರೆ ಪಟ್ಟಿಯಲ್ಲಿ ಹೆಸರುಳಿದು ಗಜನಿಯಲ್ಲಿ ಕಗ್ಗವಳಿದರೆ ಫಲವೇನು?

ಕುಮಟೆಯ ಅಳಿವೆಯಂಚಿನ ತಗ್ಗುಭೂಮಿಗಳಾದ ಗಜನಿಗಳಲ್ಲಿ ಉಪ್ಪುನೀರನ್ನೂ ನೆರೆಯನ್ನೂ ತಾಳಿ, ಗೊಬ್ಬರವನ್ನು ಬೇಡದೆ ಬೆಳೆವ ಭತ್ತವೇ ಕಗ್ಗ. ಮಳೆಗಾಲದಲ್ಲಿ ಪೈರು; ಕೊಯ್ಲಿನ ತರುವಾಯ ಅದೇ ನೆಲದಲ್ಲಿ ಮೀನು, ಸಿಗಡಿ; ಉಳಿದ ಕೂಳೆಯೇ ಅವಕ್ಕೆ ಆಹಾರ.

ಇದರಲ್ಲಿ ಲಾಭವಿಲ್ಲ, ಸಿಗಡಿಯ ಹೊಂಡವೇ ಲೇಸೆಂದು ವಾದಿಸುವವರುಂಟು. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗವು ಭಾರತದ ಕರಾವಳಿಯ ಹೊಂಡಗಳನ್ನು ಹಾಳುಗೆಡವಿದುದನ್ನು ಅವರು ಮರೆತರೇ? ಹೊಂಡದ ಲಾಭವು ಒಬ್ಬನ ಪೆಟ್ಟಿಗೆಗೆ. ಕೆಟ್ಟ ನೆಲವು ಊರಿನ ಪಾಲಿಗೆ.

ಸುಶಿಕ್ಷಿತರು ಕರಾವಳಿಯ ಸಂಸ್ಕೃತಿಯನ್ನು ಸಭೆಗಳಲ್ಲಿ ಕೊಂಡಾಡುತ್ತಾರೆ; ಊಟಕ್ಕೆ ಮಾತ್ರ ಬೆಳ್ಳನೆಯ ಅಕ್ಕಿಯನ್ನೇ ಬಯಸುತ್ತಾರೆ. ಕಗ್ಗದ ಕೆಂಪಕ್ಕಿಗೆ ತಕ್ಕ ಬೆಲೆಯನ್ನು ಕೊಡದವರ ಹೊಗಳಿಕೆಯಿಂದ ಗಜನಿಯು ಉಳಿಯದು.