ಬಯೋಡಾಟಾದಲ್ಲಿ ಗೇರುಬೀಜಕ್ಕೆ ಜಾಗವಿಲ್ಲವೇ?

ಬಿಜೂರಿನಲ್ಲಿ ಹೆದ್ದಾರಿ ಬದಿಗೆ ನನ್ನದೊಂದು ಜೆರಾಕ್ಸ್ ಅಂಗಡಿ. ಜೆರಾಕ್ಸ್ ಹೆಸರಿಗೆ ಮಾತ್ರ, ಹೊಟ್ಟೆಪಾಡು ನಡೆಯುವುದು ಆನ್‌ಲೈನ್ ಅರ್ಜಿಗಳಿಂದ. ಡಿಗ್ರಿ ಪರೀಕ್ಷೆ ಮುಗಿಯುತ್ತಿದ್ದಂತೆ ಉಪ್ಪುಂದ, ನಾವುಂದ, ಬೈಂದೂರು ಕಡೆಯ ಮಕ್ಕಳು ಪ್ಲಾಸ್ಟಿಕ್ ಫೈಲು ಹಿಡಿದು ಬರತೊಡಗುತ್ತಾರೆ. ಫೈಲಿನಲ್ಲಿ ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಲ್ಲ ಮಾರ್ಕ್ಸ್ ಕಾರ್ಡು, ಜಾತಿ-ಆದಾಯ ಪ್ರಮಾಣಪತ್ರ, ಜತೆಗೆ ಸ್ಟುಡಿಯೋದಲ್ಲಿ ತೆಗೆಸಿದ ಫೋಟೊ. ಸ್ಟುಡಿಯೋದ ಗೋಡೆಯ ಮೊಳೆಯಲ್ಲಿ ಒಂದೇ ಒಂದು ಕಪ್ಪು ಕೋಟು ಇದೆ. ಈ ಭಾಗದ ನಿರುದ್ಯೋಗಿಗಳೆಲ್ಲ ಅದರೊಳಗೆ ಒಮ್ಮೆ ಹೊಕ್ಕು ಬಂದವರೇ. ಸಪೂರ ಹುಡುಗನಿಗೆ ಭುಜ ಜೋತುಬಿದ್ದಿರುತ್ತದೆ, ದಪ್ಪಗಿನವನಿಗೆ ಗುಂಡಿ ಹಾಕಲಾಗಿರುವುದಿಲ್ಲ.

"ಅಣ್ಣ, ಒಂದ್ ಬಯೋಡಾಟಾ ಮಾಡಿ ಕೊಡಿ."

ಏನು ಬರೆಯಬೇಕು ಎಂದು ಕೇಳಿದರೆ, ನಿನ್ನೆ ಬಂದ ಸ್ನೇಹಿತನದ್ದೇ ಸಾಕು, ಹೆಸರು ಮತ್ತು ಪರ್ಸೆಂಟೇಜ್ ಬದಲಾಯಿಸಿ ಎನ್ನುತ್ತಾರೆ. ಮೇಲೆ ಇಂಗ್ಲಿಷಿನಲ್ಲಿ ಮೂರು ಸಾಲಿನ ಒಂದು ಗುರಿ, ಅದನ್ನು ಬರೆಸಿದವನಿಗೂ ಅದರ ಅರ್ಥ ಗೊತ್ತಿರುವುದಿಲ್ಲ. ಗುಣಗಳು: ಹಾರ್ಡ್ ವರ್ಕಿಂಗ್, ಟೀಮ್ ಪ್ಲೇಯರ್. ಹವ್ಯಾಸ: ಹಾಡು ಕೇಳುವುದು, ಕ್ರಿಕೆಟ್. ನಡುವೆ ಒಂದು ಸಾಲು, ಅನುಭವ: ನಿಲ್. ನನ್ನ ತಕರಾರು ಈ 'ನಿಲ್' ಮೇಲೆ.

ಬಿಕಾಂ ಮುಗಿಸಿದ ಒಬ್ಬಳು ಹುಡುಗಿ ಬಂದಿದ್ದಳು. ಅವಳಿಗೂ ಅನುಭವ ನಿಲ್. ಬೆರಳ ತುದಿಯ ಕಪ್ಪು ಕಲೆ ನೋಡಿ ಕೇಳಿದೆ, "ಬೀಜದ ಫ್ಯಾಕ್ಟರಿಗೆ ಹೋಗ್ತಿದ್ಯಾ?" ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿದ ಕೈ ಈ ಊರಿನಲ್ಲಿ ಯಾರಿಗಾದರೂ ಗೊತ್ತಾಗುತ್ತದೆ. ರಜೆಯಲ್ಲೆಲ್ಲ ಅಮ್ಮನ ಒಟ್ಟಿಗೆ ಹೋಗುತ್ತಿದ್ದಳಂತೆ. ಮೊದಲು ಒಡೆಯುವ ಕೆಲಸ, ಆಮೇಲೆ ಗ್ರೇಡಿಂಗ್. ಗ್ರೇಡಿಂಗ್ ಅಂದರೆ ಎಂತ ಮಾಡುವುದು ಎಂದು ಕೇಳಿದ್ದೇ ತಡ, ಅಷ್ಟು ಹೊತ್ತು ತಲೆ ತಗ್ಗಿಸಿ ಕೂತವಳು ನನ್ನ ಮೇಜಿನ ಮೇಲಿನ ಪಿನ್ನಿನ ಡಬ್ಬಿ ತೆಗೆದು ಬದಿಗಿಟ್ಟು ಜಾಗ ಮಾಡಿಕೊಂಡು ವಿವರಿಸತೊಡಗಿದಳು. ಡಬ್ಲ್ಯು 180 ಅಂದರೆ ಒಂದು ಪೌಂಡಿಗೆ ಹೆಚ್ಚೆಂದರೆ 180 ಬೀಜ ತೂಗಬೇಕು, ಅದು ಭಾರೀ ದೊಡ್ಡದು. 240 ಅದಕ್ಕಿಂತ ಸಣ್ಣದು, 320 ಅದಕ್ಕೂ ಸಣ್ಣದು, ಪೇಟೆಯಲ್ಲಿ ಹೆಚ್ಚಾಗಿ ಓಡುವುದು ಅದೇ. ಬೀಜ ಒಣಗಿಸುವ ಬೋರ್ಮದ ಬಿಸಿ ಜಾಸ್ತಿಯಾಗಿ ಬಣ್ಣ ತಿರುಗಿದರೆ ಬೇರೆ ರಾಶಿ. ಉದ್ದಕ್ಕೆ ಎರಡು ಹೋಳಾದದ್ದು ಬೇರೆ, ಅಡ್ಡಕ್ಕೆ ಮುರಿದದ್ದು ಬೇರೆ. ಬೆಲೆ ನಿಲ್ಲುವುದು ಇದರ ಮೇಲೆಯೇ. ಒಂದು ರಾಶಿಯದ್ದು ಇನ್ನೊಂದಕ್ಕೆ ಸೇರಿದರೆ ಡಬ್ಬಿ ವಾಪಸು ಬರುತ್ತದೆ, ಮೇಸ್ತ್ರಿಯ ಬೈಗುಳ ಬೇರೆ.

"ಇದನ್ನ್ ಬರಿ ಮಾರಾಯ್ತಿ" ಎಂದೆ.

"ಅದ್ ಕೆಲ್ಸ ಅಂದೇಳಿ ಬರೂಕಾತ್ತಾ ಅಣ್ಣ? ಬೀಜದ ಫ್ಯಾಕ್ಟರಿ ಅಲ್ದಾ?"

ಅವಳ ಪ್ರಶ್ನೆಯಲ್ಲಿ ನಾಚಿಕೆ ಇತ್ತು. ಆ ನಾಚಿಕೆಯನ್ನು ಅವಳಿಗೆ ಕಲಿಸಿಕೊಟ್ಟವರು ನಾವು. ನಮ್ಮಲ್ಲಿ ಕೆಲಸ ಎಂದರೆ ಕುರ್ಚಿ ಮೇಲೆ ಕೂತು ಮಾಡುವುದು. ಗಂಗೊಳ್ಳಿ ಬಂದರಿನಲ್ಲಿ ಏಲಂ ಹೊತ್ತಿಗೆ ಬಾಕ್ಸ್ ಎಣಿಸಿ, ದರ ಬರೆದುಕೊಂಡು, ಡೀಸೆಲ್ ಮತ್ತು ಐಸಿನ ಖರ್ಚು ಕಳೆದು ಬೋಟಿನವರ ಪಾಲು ಲೆಕ್ಕ ಹಾಕಿದ ಹುಡುಗ, ಬೆಂಗಳೂರಿನ ಮಾವನ ಹೋಟೆಲಿನಲ್ಲಿ ಬೇಸಿಗೆ ಪೂರ್ತಿ ಕ್ಯಾಶ್ ಕೌಂಟರ್ ನೋಡಿಕೊಂಡವನು, ಶಾಮಿಯಾನದವರ ಜತೆ ಮದುವೆ ಸೀಸನ್ನಿನಲ್ಲಿ ಓಡಾಡಿದವನು, ಇವರೆಲ್ಲ ಬಯೋಡಾಟಾದಲ್ಲಿ ಏನೂ ಮಾಡದವರು. ಕಂಪೆನಿಯವರು ಫ್ರೆಶರ್ ಎಂದು ಬದಿಗೆ ಸರಿಸಿದರೆ ಯಾರನ್ನು ದೂರುವುದು?

ಕರಾವಳಿಗೆ ಈ ಕುರ್ಚಿಯ ಮೋಹ ಬರಲು ಕಾರಣವೂ ಇದೆ. 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, ಅದೇ ವರ್ಷ ಮಂಗಳೂರಿನಲ್ಲಿ ಕೆನರಾ, 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟು, 1931ರಲ್ಲಿ ವಿಜಯಾ. ಇಷ್ಟು ಬ್ಯಾಂಕುಗಳು ಮನೆ ಬಾಗಿಲಲ್ಲಿ ಹುಟ್ಟಿದ ಮೇಲೆ ಪ್ರತಿ ಮನೆಯಲ್ಲೂ ಒಬ್ಬ ಬ್ಯಾಂಕಿನವನು ಬೇಕೆಂದು ಆಸೆಪಟ್ಟದ್ದು ತಪ್ಪಲ್ಲ. ಈಗ ವಿಜಯಾ 2019ರಲ್ಲಿ ಬರೋಡಾದೊಳಗೆ ಹೋಯಿತು, ಮರುವರ್ಷ ಸಿಂಡಿಕೇಟು ಕೆನರಾದೊಳಗೆ, ಕಾರ್ಪೊರೇಷನ್ನು ಯೂನಿಯನ್ನಿನೊಳಗೆ. 2011ರಿಂದ ಸರಕಾರಿ ಬ್ಯಾಂಕುಗಳ ನೇಮಕಕ್ಕೆ ಐಬಿಪಿಎಸ್‌ನ ಸಾಮಾನ್ಯ ಪರೀಕ್ಷೆ ಇದೆ. ಅಪ್ಪಂದಿರ ತಲೆಯೊಳಗೆ ಮಾತ್ರ ಸಿಂಡಿಕೇಟು ಇನ್ನೂ ತೆರೆದೇ ಇದೆ.

ಆ ಪರೀಕ್ಷೆ ಬರೆಯಬೇಡಿ ಎನ್ನುತ್ತಿಲ್ಲ, ನನ್ನ ಅಂಗಡಿ ನಡೆಯುವುದೇ ಅದರಿಂದ. ಗುಮಾಸ್ತ ಹುದ್ದೆಗೆ ಈಗ ಕನ್ನಡದಲ್ಲೂ ಬರೆಯಬಹುದು. ಕೊನೆಯ ದಿನಕ್ಕೆ ಬರಬೇಡಿ ಎಂಬುದೊಂದೇ ವಿನಂತಿ. ಫೋಟೊ 20ರಿಂದ 50 ಕೆಬಿ ಇರಬೇಕು, ಸಹಿ 10ರಿಂದ 20, ಸಹಿ ಕ್ಯಾಪಿಟಲ್ ಅಕ್ಷರದಲ್ಲಿರಬಾರದು, ಎಡಗೈ ಹೆಬ್ಬೆಟ್ಟಿನ ಗುರುತು ಬೇಕು, ಘೋಷಣೆಯನ್ನು ಅಭ್ಯರ್ಥಿಯೇ ಕೈಯಾರೆ ಬರೆದಿರಬೇಕು. ಕೊನೆಯ ದಿನ ರಾತ್ರಿ ಸರ್ವರ್ ಸುತ್ತುತ್ತಿರುವಾಗ, ಒಟಿಪಿ ಬರುವ ಮೊಬೈಲು ಅಪ್ಪನ ಜತೆ ದೋಣಿಯಲ್ಲಿದ್ದರೆ ನಾನೇನು ಮಾಡಲಿ? ನನಗೆ ಬೇಸರ ತರುವುದು ಇದಲ್ಲ. ಒಂದು ಅರ್ಜಿ ಹಾಕಿ ಫಲಿತಾಂಶಕ್ಕೆ ಕಾಯುವುದು, ಆಗಲಿಲ್ಲವೆಂದು ಮುಂದಿನ ವರ್ಷಕ್ಕೆ ಕಾಯುವುದು, ಹೀಗೇ 28 ತುಂಬುವುದು. ಕಾಯುವ ಆ ವರ್ಷಗಳಲ್ಲಿ ಏನು ಮಾಡುತ್ತಿದ್ದೆ ಎಂದು ಮುಂದೊಂದು ದಿನ ಯಾರಾದರೂ ಕೇಳಿಯೇ ಕೇಳುತ್ತಾರೆ.

ಕೇಳುವವರು ಹೆಚ್ಚಾಗಿ ಖಾಸಗಿಯವರು. ಕೇಂದ್ರ ಸರಕಾರ ಕೆಳಹಂತದ ಹುದ್ದೆಗಳಿಗೆ 2016ರ ಜನವರಿಯಿಂದ ಸಂದರ್ಶನವನ್ನೇ ತೆಗೆದುಹಾಕಿದೆ. ಹಾಗಾಗಿ ನಮ್ಮ ಮಕ್ಕಳು ಮಾತಾಡಿ ಗೆಲ್ಲಬೇಕಾದ ಜಾಗ ಉಡುಪಿ, ಮಣಿಪಾಲ, ಮಂಗಳೂರು, ಬೆಂಗಳೂರಿನ ಕಂಪೆನಿಗಳು. ಮೊದಲ ಸುತ್ತು ಈಗ ವಿಡಿಯೊದಲ್ಲಿ. ಮನೆಯಲ್ಲಿ ನೆಟ್‌ವರ್ಕ್ ಸಿಗದವರು ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಪೇಪರ್ ರಿಮ್ಮುಗಳ ನಡುವೆ ಕೂತು ಮಾತಾಡುತ್ತಾರೆ. ಆಗ ನಾನು ಜೆರಾಕ್ಸ್ ಮೆಷಿನ್ ಬಂದ್ ಮಾಡುತ್ತೇನೆ. ಹಾಗಾಗಿ ಬೇಡವೆಂದರೂ ಎಲ್ಲ ಕಿವಿಗೆ ಬೀಳುತ್ತದೆ.

ನಿಮ್ಮ ಬಗ್ಗೆ ಹೇಳಿ ಎನ್ನುತ್ತಾರೆ ಆಚೆಯವರು. ಈಚೆಯಿಂದ "ಮೈಸೆಲ್ಫ್" ಎಂದು ಶುರುವಾಗುತ್ತದೆ. ಯೂಟ್ಯೂಬು ನೋಡಿ ಬಾಯಿಪಾಠ ಮಾಡಿದ್ದು. ಊರು, ಅಪ್ಪನ ಉದ್ಯೋಗ, ಮನೆಯಲ್ಲಿ ಎಷ್ಟು ಜನ. ನಡುವೆ ಒಂದು ಪದ ಮರೆತರೆ ಮತ್ತೆ ಮೊದಲಿನಿಂದ. ನಿಮ್ಮ ದೌರ್ಬಲ್ಯ ಏನು ಎಂದರೆ, ಕೆಲಸ ಪೂರ್ತಿ ಮುಗಿಯುವವರೆಗೆ ನಿದ್ದೆ ಬರುವುದಿಲ್ಲ ಎಂಬ ಉತ್ತರ. ಹತ್ತು ಗಂಟೆಗೆ ಎದ್ದು ಬರುವವರನ್ನು ನಾನು ಬಲ್ಲೆ!

ಇದಕ್ಕೆ ಇಂಗ್ಲಿಷ್ ಬಾರದ್ದೇ ಕಾರಣ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಅದೇ ಹುಡುಗನಿಗೆ ಕುಂದಾಪ್ರ ಕನ್ನಡದಲ್ಲೇ, ನೀನು ಮಾಡಿದ ಒಂದು ಕೆಲಸದ ಬಗ್ಗೆ ಹೇಳು ಮಾರಾಯ ಎಂದರೂ ಎರಡು ವಾಕ್ಯ ಹೊರಡುವುದಿಲ್ಲ, ಹೇಳಲು ಏನೂ ಇಲ್ಲ ಎಂದು ಅವನು ಮೊದಲೇ ತೀರ್ಮಾನಿಸಿರುತ್ತಾನೆ. ಆದ್ದರಿಂದ ನಾನು ಮೊದಲು ಕನ್ನಡದಲ್ಲಿ ಬರೆಸುತ್ತೇನೆ. ಎಲ್ಲಿ ದುಡಿದೆ, ದಿನಕ್ಕೆ ಎಷ್ಟು ಕೆಲಸ ಸಾಗುತ್ತಿತ್ತು, ಎಲ್ಲಿ ಎಡವಟ್ಟಾಯಿತು, ಅದನ್ನು ಹೇಗೆ ಸರಿಮಾಡಿದೆ. ಅಂಕಿ ಇದ್ದರೆ ಅಂಕಿಯನ್ನೇ ಬರೆಯಬೇಕು. ಆಮೇಲೆ ಅದನ್ನು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಕ್ಕೆ ಇಳಿಸುತ್ತೇವೆ. ತನ್ನ ಕೈಯಾರೆ ಮಾಡಿದ್ದನ್ನು ಹೇಳುವಾಗ ವ್ಯಾಕರಣ ತಪ್ಪಿದರೂ ಮಾತು ನಿಲ್ಲುವುದಿಲ್ಲ. ಹೋಗುವ ಕಂಪೆನಿ ಏನು ತಯಾರಿಸುತ್ತದೆ, ಎಲ್ಲೆಲ್ಲಿ ಶಾಖೆ ಇದೆ ಎಂದು ಹಿಂದಿನ ದಿನ ಅರ್ಧ ಗಂಟೆ ಓದಿಕೊಳ್ಳುವುದು ಇದ್ದೇ ಇದೆ.

ಗೇರುಬೀಜದ ಹುಡುಗಿ ಗ್ರೇಡಿಂಗ್ ಬಗ್ಗೆ ಮೂರು ಸಾಲು ಬರೆದಳು. ಆಹಾರ ಪದಾರ್ಥ ಪ್ಯಾಕ್ ಮಾಡುವ ಕಡೆಯ ಸ್ಟಾಕ್ ಲೆಕ್ಕದ ಕೆಲಸಕ್ಕೆ ಅರ್ಜಿ ಹಾಕಿದಳು, ಸಂದರ್ಶನದ ಮುಕ್ಕಾಲು ಪಾಲು ಗ್ರೇಡಿಂಗ್ ಬಗ್ಗೆಯೇ ನಡೆಯಿತಂತೆ. ಕೆಲಸ ಕೊಡುತ್ತೇವೆ ಎಂದರು. ಕೈಗೆ ಬರುವ ಸಂಬಳದಲ್ಲಿ ಪಿಜಿ ಬಾಡಿಗೆ, ಊಟ, ವಾರಕ್ಕೊಮ್ಮೆ ಊರಿಗೆ ಬರುವ ಬಸ್ ಚಾರ್ಜು ಕಳೆದು ನೋಡಿ ಅವಳೇ ಬೇಡವೆಂದಳು! ಅಪ್ಪ ಒಂದು ವಾರ ಮಾತು ಬಿಟ್ಟಿದ್ದರು. ನನಗೆ ಅವಳ ಲೆಕ್ಕ ಸರಿ ಕಂಡಿತು. ಬಳಿಕ ಕುಂದಾಪುರದಲ್ಲೇ ಒಂದು ಲೆಕ್ಕಪರಿಶೋಧಕರ ಆಫೀಸು ಸೇರಿದಳು, ಮನೆಯಿಂದ ಹೋಗಿ ಬರುತ್ತಾಳೆ. ಸಂಬಳ ಎಷ್ಟು, ಕಡಿತ ಎಷ್ಟು, ಬಾಂಡ್ ಉಂಟೋ ಎಂದು ಸಂದರ್ಶನದಲ್ಲಿ ಕೇಳುವುದು ಅಧಿಕಪ್ರಸಂಗವಲ್ಲ.

ಇನ್ನು ಶಿಫಾರಸು. ಈ ಮಾತು ಕೇಳಿದರೆ ಓದಿದ ಮಕ್ಕಳು ಮೂಗು ಮುರಿಯುತ್ತಾರೆ. ಆದರೆ ಇದು ನಮ್ಮಲ್ಲಿ ಹಳೆಯ ದಾರಿ. 1924ರಲ್ಲಿ ಬೆಂಗಳೂರಿನ ಹೋಟೆಲು ಎಂಟಿಆರ್‌ಗೆ ಬುನಾದಿ ಹಾಕಿದವರು ಕೋಟದ ಬಳಿಯ ಪಾರಂಪಳ್ಳಿಯ ಮಯ್ಯರು. ಆಮೇಲೆ ಈ ಭಾಗದ ಹುಡುಗರು ಹೋಟೆಲು ಸೇರಿದ್ದೆಲ್ಲ ಊರಿನವರೊಬ್ಬರು ಅಲ್ಲಿದ್ದಾರೆ ಎಂಬ ಧೈರ್ಯದ ಮೇಲೆ. ಮುಂಬಯಿಯಲ್ಲಿ ಹಗಲು ಕ್ಯಾಂಟೀನಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವರಿಗೂ ಯಾರೋ ಒಬ್ಬರು ದಾರಿ ತೋರಿಸಿದ್ದರು. ಈಗಿನ ಕಂಪೆನಿಗಳಲ್ಲಿ ಅದಕ್ಕೆ ರೆಫರಲ್ ಎಂಬ ಹೆಸರಿದೆ, ಅಷ್ಟೆ. ಕಾಲೇಜಿನಲ್ಲಿ ಎರಡು ವರ್ಷ ಮುಂದಿದ್ದವನಿಗೆ ಒಂದು ಮೆಸೇಜು ಹಾಕಲು ಏನು ಸಂಕೋಚ? "ಕೆಲಸ ಕೊಡಿಸಿ ಅಣ್ಣ" ಎಂದರೆ ಅವನು ನೋಡಿ ಸುಮ್ಮನಾಗುತ್ತಾನೆ. ನಿಮ್ಮಲ್ಲಿ ಈ ಹುದ್ದೆಗೆ ಕರೆದಿದ್ದಾರೆ, ನಾನು ಮಾಡಿದ್ದು ಇಂತಿಂಥದು, ಅರ್ಜಿ ಹಾಕಬಹುದಾ ಎಂದು ಕೇಳಿದರೆ ಉತ್ತರ ಬರುತ್ತದೆ.

ದುಡ್ಡು ಕೇಳುವವನ ವಿಷಯ ಬೇರೆ. ಸಂದರ್ಶನಕ್ಕೆ ರಿಜಿಸ್ಟ್ರೇಷನ್ ಫೀ, ಲ್ಯಾಪ್‌ಟಾಪಿಗೆ ಡೆಪಾಸಿಟ್ ಎಂದವನಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಕಳಿಸಿಯಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಗಲ್ಫಿಗೆ ಹೊರಟವರು ಏಜೆಂಟನ ಹೆಸರು ಕೇಂದ್ರ ಸರಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಇದೆಯೋ ನೋಡಿ. ಅವನು ಪಡೆಯಬಹುದಾದ ಶುಲ್ಕಕ್ಕೆ ಕಾನೂನಿನ ಮಿತಿ 30 ಸಾವಿರ ರೂಪಾಯಿ, ಮೇಲೆ ಜಿಎಸ್‌ಟಿ. ಮೂಲ ಮಾರ್ಕ್ಸ್ ಕಾರ್ಡು ಯಾರ ಕೈಯಲ್ಲೂ ಬಿಟ್ಟು ಬರಬೇಡಿ.

ಕಾಲೇಜಿನವರಿಗೂ ಒಂದು ಮಾತು. ಕೊನೆಯ ಸೆಮಿಸ್ಟರಿನಲ್ಲಿ ಯಾರನ್ನೋ ಕರೆಸಿ ವ್ಯಕ್ತಿತ್ವ ವಿಕಸನದ ಉಪನ್ಯಾಸ ಮಾಡಿಸುತ್ತೀರಿ. ಅದರ ಬದಲು ಮೊದಲ ವರ್ಷವೇ ಒಂದು ಪೀರಿಯಡ್ ಬಿಡಿ, ರಜೆಯಲ್ಲಿ ಏನು ಕೆಲಸ ಮಾಡಿದಿರಿ ಎಂದು ಎದ್ದುನಿಂತು ಹೇಳಲು ಹಚ್ಚಿ. ಬಂದರಿನವನೂ ಬೀಜದ ಫ್ಯಾಕ್ಟರಿಯವಳೂ ತರಗತಿಯ ಎದುರೇ ಹೇಳಿ ರೂಢಿಯಾಗಲಿ. ಏನೂ ಮಾಡದವರಿಗೆ ಬ್ರಹ್ಮಾವರದ ರುಡ್‌ಸೆಟ್‌ನ ಉಚಿತ ತರಬೇತಿಗಳ ಬಗ್ಗೆ ತಿಳಿಸಿ. ಮೂಡುಬಿದಿರೆಯ ಆಳ್ವಾಸ್ ಪ್ರಗತಿಯಂಥ ಉದ್ಯೋಗ ಮೇಳಕ್ಕೆ ಕೊನೆಯ ವರ್ಷದವರನ್ನು ಮಾತ್ರ ಕರೆದೊಯ್ಯಬೇಕೆಂದೇನಿಲ್ಲ. ಎರಡನೇ ವರ್ಷದಲ್ಲೇ ಒಮ್ಮೆ ಸುಮ್ಮನೆ ಸುತ್ತಾಡಿ, ಸಾಲಿನಲ್ಲಿ ನಿಂತವರನ್ನು ಏನು ಕೇಳುತ್ತಾರೆಂದು ಕೇಳಿಸಿಕೊಂಡು ಬರಲಿ.

ದೊಡ್ಡ ಕಂಪೆನಿಗಳಲ್ಲಿ ಮೊದಲು ಆಪ್ಟಿಟ್ಯೂಡ್ ಪರೀಕ್ಷೆ, ಅದರಲ್ಲಿ ನಪಾಸಾದರೆ ಗೇರುಬೀಜದ ಕಥೆ ಕೇಳುವವರು ಯಾರು ಎಂದು ಒಬ್ಬ ಹುಡುಗ ನನ್ನನ್ನೇ ಕೇಳಿದ. ಸರಿಯಾದ ಪ್ರಶ್ನೆಯೇ. ಶೇಕಡಾವಾರು, ಅನುಪಾತ, ವೇಗ-ಕಾಲದ ಲೆಕ್ಕ ದಿನವೂ ಮಾಡಲೇಬೇಕು, ಬೇರೆ ದಾರಿಯಿಲ್ಲ. ಆದರೆ ಅವನು ಬೋಟಿನ ಪಾಲು ಹಂಚಿದವನು. ಬಡ್ಡಿ-ಅನುಪಾತದ ಅಧ್ಯಾಯ ತೆಗೆದುಕೊಟ್ಟಾಗ ಮೊದಲ ಪುಟದ ಲೆಕ್ಕಗಳನ್ನು ಪೆನ್ನು ಮುಟ್ಟದೆ ಹೇಳಿದ. ಅವನ ಬಯೋಡಾಟಾದಲ್ಲಿ ಅನುಭವದ ಸಾಲು ಈಗ 'ಗಂಗೊಳ್ಳಿ ಬಂದರು, ಏಲಂ ಲೆಕ್ಕ' ಎಂದು ಶುರುವಾಗುತ್ತದೆ.