ನಂಬಿಕೆಯನ್ನು ಗಲ್ಲಾಪೆಟ್ಟಿಗೆ ಹತ್ರ ಬಿಡಿ ಸ್ವಾಮಿ

ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳೋದಕ್ಕೆ ಒಂದು ಧಾಟಿ ಇದೆ. ನಿನ್ನೆವರೆಗೂ ನಾನು ಮಹಾಪಾಪಿ, ರಾತ್ರಿ ಪ್ರಭು ಮುಟ್ಟಿದ, ಬೆಳಗ್ಗೆ ಎದ್ದಾಗ ಹೊಸ ಮನುಷ್ಯ! ಕೂತವರೆಲ್ಲ ಹಲ್ಲೆಲೂಯಾ ಅಂತಾರೆ. ನಾನೂ ಕ್ರೈಸ್ತನೇ. ಕ್ರಿಸ್ತನ ಮೇಲಿನ ನಂಬಿಕೆ ಮನುಷ್ಯನ ನಡತೆಯನ್ನು ತಿದ್ದುತ್ತೆ ಅಂತಲೂ ನಂಬಿದ್ದೀನಿ. ಆದ್ರೆ ಈ ರಾತ್ರೋರಾತ್ರಿಯ ಲೆಕ್ಕ ಮಾತ್ರ ನನಗೆ ಜೀರ್ಣವಾಗೋಲ್ಲ.

ಇದಕ್ಕೆ ಮಾತೆತ್ತಿದರೆ ಕೊಡೋ ಉದಾಹರಣೆ 'ಅಮೇಜಿಂಗ್ ಗ್ರೇಸ್' ಬರೆದ ಇಂಗ್ಲೆಂಡಿನ ಪಾದ್ರಿ ಜಾನ್ ನ್ಯೂಟನ್. ಗುಲಾಮರನ್ನು ಸಾಗಿಸುತ್ತಿದ್ದ ನಾವಿಕ ಬಿರುಗಾಳಿಗೆ ಸಿಕ್ಕಿದ, ದೇವರನ್ನು ಕೂಗಿದ, ಬದುಕಿದ, ದಂಧೆ ಬಿಟ್ಟು ಹಾಡು ಬರೆದ... ಕಥೆ ಚೆನ್ನಾಗಿದೆ. ಸ್ವಲ್ಪ ಇಸವಿಗಳನ್ನೂ ನೋಡೋಣ.

ಬಿರುಗಾಳಿ ಬಂದಿದ್ದು 1748ರ ಮಾರ್ಚಿನಲ್ಲಿ. ಅದಾದ ಮೇಲೇ, 1750ರಿಂದ 1754ರೊಳಗೆ, ಆತ ಗುಲಾಮರ ಹಡಗಿನ ಕಪ್ತಾನನಾಗಿ ಮೂರು ಸಲ ಆಫ್ರಿಕಾಕ್ಕೆ ಹೋಗಿಬಂದ! ಭಾನುವಾರ ನಾವಿಕರನ್ನು ಸೇರಿಸಿ ಪ್ರಾರ್ಥನೆ ನಡೆಸುತ್ತಿದ್ದ. ಅದೇ ಹಡಗಿನ ತಳದಲ್ಲಿ ಸರಪಳಿ ಬಿಗಿದ ಜನ ಇದ್ದರು. 1754ರಲ್ಲಿ ಸಮುದ್ರ ಬಿಟ್ಟಿದ್ದು ಕಾಯಿಲೆ ಬಿದ್ದು, ಮನಸ್ಸಾಕ್ಷಿ ಚುಚ್ಚಿ ಅಲ್ಲ. 1764ರಲ್ಲಿ ಪಾದ್ರಿಯಾದ. ಹಾಡು ಅಚ್ಚಾಗಿದ್ದು 1779ರಲ್ಲಿ. ಗುಲಾಮರ ವ್ಯಾಪಾರದ ವಿರುದ್ಧ ಕಿರುಹೊತ್ತಿಗೆ ಬರೆದಿದ್ದು 1788ರಲ್ಲಿ. ಬಿರುಗಾಳಿಯಿಂದ ಅಲ್ಲಿಗೆ 40 ವರ್ಷ!

ನೋಡಿದ್ರಾ, ಧರ್ಮಕ್ಕೂ ನಡತೆಗೂ ಸಂಬಂಧವೇ ಇಲ್ಲ ಅಂತ ನಾಸ್ತಿಕ ಗೆಳೆಯರು ಈಗಲೇ ಚಪ್ಪಾಳೆ ತಟ್ಟಬೇಡಿ. ಅರವತ್ತು ದಾಟಿದ, ಲಂಡನ್ನಿನಲ್ಲಿ ಹೆಸರು ಮಾಡಿದ ಪಾದ್ರಿಗೆ ತನ್ನ ಹಳೇ ಪಾಪವನ್ನು ತಾನೇ ಊರಿಗೆಲ್ಲ ಬಿಡಿಸಿ ಹೇಳೋ ದರ್ದು ಏನಿತ್ತು? ಈ ತಪ್ಪೊಪ್ಪಿಗೆ ತಡವಾಯ್ತು ಅಂತ ಅದರಲ್ಲೇ ಬರೆದ. ಸಂಸತ್ತಿನ ಸಮಿತಿ ಮುಂದೆ ಹೋಗಿ ಕಂಡಿದ್ದನ್ನು ಹೇಳಿದ. ನನ್ನ ಪ್ರಕಾರ ಸಾಕ್ಷಿ ಅಂದ್ರೆ ಅದು. 1807ರಲ್ಲಿ ಬ್ರಿಟಿಷ್ ಸಂಸತ್ತು ಆ ವ್ಯಾಪಾರವನ್ನು ನಿಷೇಧಿಸಿತು, ಅದೇ ವರ್ಷದ ಕೊನೆಗೆ ನ್ಯೂಟನ್ ತೀರಿಕೊಂಡ.

ಮತ್ತೆ ಅಷ್ಟು ತಡ ಯಾಕಾಯ್ತು? ಬೈಗುಳ, ಜೂಜು, ಕುಡಿತ ಎಲ್ಲ ಆತ ಬೇಗ ಬಿಟ್ಟಿದ್ದ. ಅನ್ನ ಹುಟ್ಟೋ ಜಾಗಕ್ಕೆ ಮಾತ್ರ ನಂಬಿಕೆಯನ್ನು ಬಿಟ್ಟುಕೊಳ್ಳಲಿಲ್ಲ. ಆಗಿನ ಸಮಾಜಕ್ಕೆ ಅದು ಮರ್ಯಾದಸ್ಥರ ವ್ಯಾಪಾರ, ಚರ್ಚಿನಲ್ಲಿ ಕೇಳುವವರೂ ಕಡಿಮೆ. ನಂಬಿಕೆ ಗುಣವನ್ನು ತಿದ್ದುತ್ತೆ ನಿಜ, ಆದ್ರೆ ನಾವು ಬಾಗಿಲು ತೆಗೆದ ಕೋಣೆಯಲ್ಲಿ ಮಾತ್ರ. ಲೂಕನ ಸುವಾರ್ತೆಯ ಜಕ್ಕಾಯನನ್ನು ನೋಡಿ. ಸುಂಕದವನು. ಯೇಸು ಮನೆಗೆ ಬಂದಾಗ ಆತ ಎತ್ತಿದ್ದು ದುಡ್ಡಿನ ಮಾತು: ಮೋಸದಿಂದ ತಗೊಂಡಿದ್ದರೆ ನಾಲ್ಕರಷ್ಟು ವಾಪಸ್.

ನಮ್ಮಲ್ಲಿ ಸಿಗರೇಟು ಬಿಟ್ಟ, ಕುಡಿತ ಬಿಟ್ಟ ಸಾಕ್ಷಿಗಳನ್ನು ಬೇಕಾದಷ್ಟು ಕೇಳಿದ್ದೀನಿ. ಸಂತೋಷ. ಲಂಚ ತಗೊಂಡಿದ್ದನ್ನು ವಾಪಸ್ ಕೊಟ್ಟೆ, ಸೊಸೆ ಮನೆಯವರಿಂದ ಪಡೆದ ವರದಕ್ಷಿಣೆ ಹಿಂತಿರುಗಿಸಿದೆ, ಮನೆಕೆಲಸದವಳಿಗೆ ನ್ಯಾಯವಾದ ಸಂಬಳ ಕೊಡೋಕೆ ಶುರುಮಾಡಿದೆ, ಮಗಳ ಸಂಬಂಧಕ್ಕೆ ಜಾತಿ ಕೇಳೋದು ನಿಲ್ಲಿಸಿದೆ... ಇಂಥ ಸಾಕ್ಷಿ ಒಂದಾದ್ರೂ? ಇಲ್ಲಿತನಕ ನನ್ನ ಕಿವಿಗೆ ಬಿದ್ದಿಲ್ಲ.

ದೇವರು ನಿಧಾನವಾಗಿ ಬದಲಾಯಿಸ್ತಾನೆ ಅಂತ ಸಮಾಧಾನ ಹೇಳೋರಿಗೆ ಒಂದೇ ಮಾತು. ನ್ಯೂಟನ್‌ಗೆ ನಿಧಾನಕ್ಕೆ ಬದಲಾಗೋಕೆ 40 ವರ್ಷ ಇತ್ತು. ಅವನ ಹಡಗಿನ ತಳದಲ್ಲಿದ್ದವರಿಗೆ ಇರಲಿಲ್ಲ.