ತಂತಿಯನ್ನು ಅಳಿಸಬೇಡಿ



ಬಿಳಿ ಹೊಟ್ಟೆಯ ಕಡಲ ಹದ್ದನ್ನು ಕಾಸರಗೋಡು ಜಿಲ್ಲಾ ಪಂಚಾಯತು 2023ರಲ್ಲಿ ನಮ್ಮ ಜಿಲ್ಲೆಯ ಹಕ್ಕಿಯೆಂದು ಘೋಷಿಸಿತು. ವರ್ಕಾಡಿಯಿಂದ ಮಂಜೇಶ್ವರದ ಕಡಲ ಬದಿಗೆ ಕ್ಯಾಮೆರಾ ಹಿಡಿದು ಹೊರಡುವವರಿಗೆ ಎರಡು ಮಾತು.

ಹಾರುವ ಹಕ್ಕಿಗೆ ಶಟರ್ ವೇಗ 1/2000 ಸೆಕೆಂಡಿನ ಆಸುಪಾಸು ಇರಲಿ. ಕೊಕ್ಕು ತೋರುವ ಕಡೆ ಹೆಚ್ಚು ಆಕಾಶ ಬಿಡಿ. ಹಕ್ಕಿಗೆ ಹಾರಲು ಜಾಗ ಬೇಕಲ್ಲ! ರಾ ಫೈಲನ್ನು ಉಳಿಸಿಕೊಳ್ಳಿ. ಬೆಳಕಿನೆದುರು ಕಪ್ಪಾದ ರೆಕ್ಕೆಯನ್ನು ಆಮೇಲೆ ಬೆಳಗಿಸಬಹುದು. ಹಳೆಯ ಚಿತ್ರದ ನಾಯ್ಸನ್ನು ಹೊಸ ಸಾಫ್ಟ್‌ವೇರಿನಲ್ಲಿ ತಗ್ಗಿಸಬಹುದು. ಇದು ಮೋಸವಲ್ಲ, ಕ್ಯಾಮೆರಾ ಕಂಡದ್ದನ್ನೇ ಹೊರತರುವ ಕೆಲಸ.

ಆದರೆ ಬೇರೆ ದಿನದ ಸಂಜೆಗೆಂಪು ಅಂಟಿಸುವುದು, ಒಂದು ಹಕ್ಕಿಯನ್ನು ಎರಡು ಮಾಡುವುದು, ಅಡ್ಡಬಂದ ವಿದ್ಯುತ್ ತಂತಿಯನ್ನು ಅಳಿಸುವುದು ಬೇರೆ ವಿಷಯ. ಅಂತಾರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟ ಫಿಯಾಪ್‌ನ ನಿಸರ್ಗ ವಿಭಾಗದ ನಿಯಮವೂ ಕ್ರಾಪ್ ಮಾಡಲು ಬಿಡುತ್ತದೆ. ಚಿತ್ರದೊಳಗೆ ಏನನ್ನೂ ಸೇರಿಸಲು, ಅಳಿಸಲು ಬಿಡುವುದಿಲ್ಲ.

"ಚಂದ ಕಂಡರೆ ಸಾಕಲ್ಲ?" ಎನ್ನಬಹುದು. ದೊಡ್ಡ ಹಕ್ಕಿಗಳು ತಂತಿಗೆ ಬಡಿದು ಸಾಯುವುದುಂಟು. ತಂತಿಯನ್ನು ಅಳಿಸಿದರೆ ಹಕ್ಕಿಯ ಅಪಾಯವನ್ನೂ ನೋಡುಗರ ಕಣ್ಣಿಂದ ಅಳಿಸಿದಂತೆ. ಕಲೆಗಾಗಿ ಬದಲಾಯಿಸಿದ್ದರೆ ಚಿತ್ರದ ಕೆಳಗೆ ಹಾಗೆಂದೇ ಬರೆಯಿರಿ. ಒಂದೇ ಸಾಲು ಸಾಕು. ನೋಡುವವರ ನಂಬಿಕೆ ಉಳಿಯುತ್ತದೆ.